ಹತ್ತು ಗಂಟೆಯ ನಂತರ ನಮ್ಮ ಮೈಕ್

ಮಳೆ ಬಿಟ್ಟು ಅಂಗಳ ಒಣಗಿತೆಂದರೆ ನಮ್ಮ ಜಿಲ್ಲೆಯಲ್ಲಿ ರಾತ್ರಿ ಕಾರ್ಯಕ್ರಮಗಳ ಸೀಸನ್ ಶುರುವಾಗುತ್ತದೆ. ಒಂದು ಕಡೆ ಉರೂಸ್, ಇನ್ನೊಂದು ಕಡೆ ಐದು ದಿನದ ಮತ ಪ್ರಭಾಷಣ, ಮತ್ತೊಂದು ಕಡೆ ಸ್ವಲಾತ್ ವಾರ್ಷಿಕ, ಮದ್ರಸದ ವಾರ್ಷಿಕೋತ್ಸವ. ಅದೇ ಊರಿನಲ್ಲಿ ಯಕ್ಷಗಾನ, ನೇಮ, ಜಾತ್ರೆ, ಇಗರ್ಜಿಯ ಹಬ್ಬ, ಯುವಕರ ಕಬಡ್ಡಿ, ಹೊನಲು ಬೆಳಕಿನ ಕ್ರಿಕೆಟ್ ಎಲ್ಲ ಉಂಟು. ಮೈಕ್ ಸೆಟ್ಟಿನವರಿಗೆ ಈ ನಾಲ್ಕೈದು ತಿಂಗಳು ಊಟಕ್ಕೂ ಪುರುಸೊತ್ತಿರುವುದಿಲ್ಲ. ನಮ್ಮ ಪಿಯುಸಿ, ಎಸೆಸೆಲ್ಸಿ ಮಕ್ಕಳು ಪರೀಕ್ಷೆಗೆ ಕೂತು ಓದಬೇಕಾದದ್ದು ಕೂಡ ಇದೇ ತಿಂಗಳುಗಳಲ್ಲಿ.

ಪ್ರತಿ ವರ್ಷ ಒಂದೇ ಜಗಳ. ಹತ್ತು ಗಂಟೆ ದಾಟಿತೆಂದು ಪೊಲೀಸರು ಬರುತ್ತಾರೆ, ಮೈಕ್ ಬಂದ್ ಮಾಡಿ ಎನ್ನುತ್ತಾರೆ. ಕಮಿಟಿಯವರು ಇನ್ನೊಂದು ಅರ್ಧ ಗಂಟೆ ಸಾರ್ ಎನ್ನುತ್ತಾರೆ. ಅಷ್ಟರಲ್ಲಿ ಯಾರೋ ಯುವಕ ಮೊಬೈಲ್‌ನಲ್ಲಿ ವೀಡಿಯೊ ಮಾಡುತ್ತಾನೆ. ಬೆಳಗಾಗುವಾಗ ಅದು ಎಲ್ಲ ಗ್ರೂಪುಗಳಲ್ಲಿ ಓಡಿರುತ್ತದೆ, ಕೆಳಗೆ ಒಂದೇ ಪ್ರಶ್ನೆ: ಅವರದ್ದು ಬೆಳಗಿನ ತನಕ ನಡೆಯುವಾಗ ನಮ್ಮದು ಮಾತ್ರ ಯಾಕೆ ನಿಲ್ಲಬೇಕು? ಪ್ರಶ್ನೆ ಸುಳ್ಳಲ್ಲ. ಅದಕ್ಕೆ ಮುಂದೆ ಬರುತ್ತೇವೆ. ಮೊದಲು ನಿಯಮ ಏನು ಹೇಳುತ್ತದೆ ಎಂಬುದು ನಮಗೆ ಗೊತ್ತಿರಬೇಕು. ಯಾಕೆಂದರೆ ಜಗಳಕ್ಕೆ ನಿಂತವರಲ್ಲಿ ಹೆಚ್ಚಿನವರು ಅದನ್ನು ಓದಿದವರಲ್ಲ, ಕೇಳಿದವರು.

ಕೇಂದ್ರ ಸರಕಾರದ ಶಬ್ದ ಮಾಲಿನ್ಯ ನಿಯಮಗಳು ಬಂದದ್ದು 2000ನೇ ಇಸವಿಯಲ್ಲಿ, 1986ರ ಪರಿಸರ ಸಂರಕ್ಷಣಾ ಕಾಯ್ದೆಯ ಕೆಳಗೆ. ಅದರಂತೆ ರಾತ್ರಿ ಎಂದರೆ 10 ಗಂಟೆಯಿಂದ ಬೆಳಗ್ಗೆ 6 ಗಂಟೆ. ಮನೆಗಳಿರುವ ಪ್ರದೇಶದಲ್ಲಿ ಹಗಲು 55 ಡೆಸಿಬಲ್, ರಾತ್ರಿ 45. ಅಂಗಡಿ ಪೇಟೆಯಲ್ಲಿ ಹಗಲು 65, ರಾತ್ರಿ 55. ಆಸ್ಪತ್ರೆ, ಶಾಲೆ, ಕೋರ್ಟಿನ ಸುತ್ತ 100 ಮೀಟರ್ ಜಾಗವನ್ನು ನಿಶ್ಶಬ್ದ ವಲಯ ಎಂದು ಘೋಷಿಸಿದರೆ ಅಲ್ಲಿ ಹಗಲು 50, ರಾತ್ರಿ 40. ಇಬ್ಬರು ಎದುರುಬದುರು ಕೂತು ಮಾತಾಡುವ ಸದ್ದೇ ಸುಮಾರು 60 ಡೆಸಿಬಲ್ ಇರುತ್ತದೆ. ಅಂದರೆ 45 ಎಂಬುದು ಎಷ್ಟು ಸಣ್ಣದು ಎಂದು ಯೋಚಿಸಿ. ಇನ್ನೊಂದು ವಿಷಯ, ಈ ಲೆಕ್ಕ ನಮ್ಮ ಕಿಲೋ, ಲೀಟರಿನ ಹಾಗಲ್ಲ. 10 ಡೆಸಿಬಲ್ ಏರಿದರೆ ಸದ್ದಿನ ಶಕ್ತಿ ಹತ್ತು ಪಟ್ಟು, 20 ಏರಿದರೆ ನೂರು ಪಟ್ಟು. 'ಸ್ವಲ್ಪ ವಾಲ್ಯೂಮ್ ಜಾಸ್ತಿ ಆಗಿದೆ ಅಷ್ಟೆ' ಎನ್ನುವ ಮಾತಿಗೆ ಅಲ್ಲಿ ಬೆಲೆ ಇಲ್ಲ.

ಧ್ವನಿವರ್ಧಕ ಕಟ್ಟಬೇಕಾದರೆ ಹಗಲಿಗೂ ಲಿಖಿತ ಅನುಮತಿ ಬೇಕು. ರಾತ್ರಿ 10ರ ನಂತರ, ಮುಚ್ಚಿದ ಸಭಾಂಗಣದ ಒಳಗಾದರೆ ಬೇರೆ, ಬಯಲಲ್ಲಿ ಇಲ್ಲವೇ ಇಲ್ಲ. ಇದಕ್ಕೆ ಒಂದು ವಿನಾಯಿತಿ ಉಂಟು. ಸಾಂಸ್ಕೃತಿಕ ಅಥವಾ ಧಾರ್ಮಿಕ ಹಬ್ಬಗಳಿಗಾಗಿ ರಾಜ್ಯ ಸರಕಾರ ವರ್ಷಕ್ಕೆ ಹೆಚ್ಚೆಂದರೆ 15 ದಿನ, ಅದೂ 12 ಗಂಟೆಯ ತನಕ, ಸಡಿಲಿಕೆ ಕೊಡಬಹುದು. ಈ 15 ದಿನವನ್ನು ನಮ್ಮ ಎಷ್ಟೋ ಕಮಿಟಿಗಳು 'ನಮಗೆ 15 ದಿನ ಉಂಟು' ಎಂದು ತಿಳಿದುಕೊಂಡಿವೆ. ಹಾಗಲ್ಲ. ಅದು ಒಂದು ಮಸೀದಿಗೋ ಒಂದು ದೇವಸ್ಥಾನಕ್ಕೋ ಕೊಟ್ಟ ಪಾಲಲ್ಲ, ಸರಕಾರ ಮೊದಲೇ ಗೊತ್ತುಪಡಿಸುವ ದಿನಗಳು.

2022ರ ಮೇ ತಿಂಗಳಲ್ಲಿ ನಮ್ಮ ರಾಜ್ಯ ಸರಕಾರ ಇದನ್ನೇ ಬಿಗಿ ಮಾಡಿ ಆದೇಶ ಹೊರಡಿಸಿತು. ಧ್ವನಿವರ್ಧಕ ಬಳಸುವವರೆಲ್ಲ 15 ದಿನದೊಳಗೆ ಅನುಮತಿ ಪಡೆಯಬೇಕು, ಇಲ್ಲದಿದ್ದರೆ ತೆಗೆಯಬೇಕು ಎಂದಿತು. ಮಂಗಳೂರಿನಂತಹ ಕಮಿಷನರೇಟ್ ಇರುವಲ್ಲಿ ಸಹಾಯಕ ಪೊಲೀಸ್ ಆಯುಕ್ತರು, ಪಾಲಿಕೆಯ ಇಂಜಿನಿಯರ್ ಮತ್ತು ಮಾಲಿನ್ಯ ನಿಯಂತ್ರಣ ಮಂಡಳಿಯವರು, ಉಳಿದ ಕಡೆ ಡಿವೈಎಸ್ಪಿ, ತಹಶೀಲ್ದಾರ್ ಮತ್ತು ಮಂಡಳಿಯವರು ಸೇರಿದ ಸಮಿತಿ ಇದನ್ನು ನೋಡಬೇಕು. ಅದಕ್ಕೂ ಮೊದಲು, 2021ರ ಮಾರ್ಚ್‌ನಲ್ಲಿ, ರಾಜ್ಯ ವಕ್ಫ್ ಮಂಡಳಿಯೇ ಮಸೀದಿಗಳಿಗೆ ಸುತ್ತೋಲೆ ಕಳಿಸಿತ್ತು. ಹೊರಗಿನ ಮೈಕ್ ಬಾಂಗಿಗೆ, ಮರಣ ವಾರ್ತೆಗೆ, ದಫನದ ಸಮಯಕ್ಕೆ, ಚಂದ್ರದರ್ಶನದಂತಹ ಮುಖ್ಯ ಪ್ರಕಟನೆಗೆ ಮಾತ್ರ ಸಾಕು, ಜುಮಾ ಖುತುಬಾ ಮತ್ತು ಪ್ರವಚನಕ್ಕೆಲ್ಲ ಒಳಗಿನ ಸ್ಪೀಕರ್ ಬಳಸಿ ಎಂಬುದು ಅದರ ತಿರುಳು. ಆ ಸುತ್ತೋಲೆಯ ಮೇಲೆ ಗದ್ದಲ ಎಷ್ಟಾಯಿತೋ, ಅದನ್ನು ಪೂರ್ತಿ ಓದಿದವರು ಅಷ್ಟೇ ಕಡಿಮೆ.

ಸುಬ್‌ಹಿಯ ಬಾಂಗಿನ ವಿಷಯ ಹೇಳದೆ ಮುಂದೆ ಹೋಗುವಂತಿಲ್ಲ. ಅದು ನಮ್ಮ ಮನೆಗಳಲ್ಲಿ ನಿಜವಾಗಿ ನೋವು ಕೊಟ್ಟ ವಿಷಯ. ನಮ್ಮ ಕರಾವಳಿಯಲ್ಲಿ ವರ್ಷದ ಯಾವ ದಿನ ನೋಡಿದರೂ ಸುಬ್‌ಹಿ ಬಾಂಗಿನ ಸಮಯ 6 ಗಂಟೆಗಿಂತ ಮೊದಲೇ ಬರುತ್ತದೆ. ಆದುದರಿಂದ ನಿಯಮದ ಲೆಕ್ಕದಲ್ಲಿ ಅದು ರಾತ್ರಿ. 2022ರ ನಂತರ ಹಲವು ಕಡೆ ಹೊರಗಿನ ಮೈಕ್ ಇಲ್ಲದೆಯೇ ಆ ಬಾಂಗ್ ಕೊಡುತ್ತಿದ್ದಾರೆ. ಮೊಹಲ್ಲಾದ ಹಿರಿಯರು, ವಿಶೇಷವಾಗಿ ಮನೆಯಲ್ಲೇ ಇರುವ ನಮ್ಮ ಉಮ್ಮಂದಿರು, ಬೆಳಗ್ಗೆ ಆ ಸ್ವರ ಕೇಳದಿದ್ದರೆ ದಿನ ಶುರುವಾದ ಹಾಗೆಯೇ ಆಗುವುದಿಲ್ಲ ಎನ್ನುತ್ತಾರೆ. ಆ ಮಾತನ್ನು ಹಗುರವಾಗಿ ತೆಗೆದುಕೊಳ್ಳಬಾರದು. ಆದರೆ ಮೈಕ್ ಹೋದರೆ ಬಾಂಗ್ ಹೋಯಿತು ಎಂದು ಮಕ್ಕಳಿಗೆ ಹೇಳುವುದು ತಪ್ಪು ಪಾಠ. ಬಿಲಾಲ್(ರ) ಮದೀನಾದಲ್ಲಿ ಸುಬ್‌ಹಿ ಬಾಂಗ್ ಕೊಡುತ್ತಿದ್ದದ್ದು ಮಸೀದಿಯ ಹತ್ತಿರದ, ಸುತ್ತಲಿಗಿಂತ ಎತ್ತರದ ಒಂದು ಮನೆಯ ಮಾಡಿನ ಮೇಲೆ ನಿಂತು ಎಂದು ಹದೀಸಿನಲ್ಲಿದೆ. ಆ ಮನೆ ಬನೂ ನಜ್ಜಾರ್ ಗೋತ್ರದ ಒಬ್ಬ ಮಹಿಳೆಯದ್ದು. ಸ್ವರ ಮನುಷ್ಯನದ್ದು, ಎತ್ತರ ನೆರೆಮನೆಯದ್ದು. ಬಾಂಗ್ ಇಬಾದತ್, ಹಾರ್ನ್ ಒಂದು ಸಲಕರಣೆ. 2022ರ ಆಗಸ್ಟ್‌ನಲ್ಲಿ ನಮ್ಮ ಹೈಕೋರ್ಟಿನ ಮುಂದೆ ಬಾಂಗಿನ ಪದಗಳ ಬಗ್ಗೆಯೇ ಆಕ್ಷೇಪ ಬಂದಾಗ, ಅದರಿಂದ ಬೇರೆ ಧರ್ಮದವರ ಮೂಲಭೂತ ಹಕ್ಕಿಗೆ ಧಕ್ಕೆಯಿಲ್ಲ ಎಂದು ಕೋರ್ಟ್ ಹೇಳಿತು. ಧ್ವನಿವರ್ಧಕದ ನಿಯಮ ಪಾಲನೆಯಾಗಬೇಕು ಎಂದೂ ಅದೇ ಆದೇಶದಲ್ಲಿ ಹೇಳಿತು. ಎರಡನ್ನೂ ಒಟ್ಟಿಗೆ ಓದಬೇಕು.

ದೀನಿನಲ್ಲಿ ಸ್ವರದ ಅದಬ್ ಎಷ್ಟು ದೊಡ್ಡ ಅಧ್ಯಾಯ ಎಂಬುದು ಮದ್ರಸದ ಐದನೇ ಕ್ಲಾಸಿನ ಮಗುವಿಗೂ ಗೊತ್ತು. ಲುಕ್ಮಾನ್(ಅ) ತನ್ನ ಮಗನಿಗೆ ಕೊಟ್ಟ ಉಪದೇಶಗಳಲ್ಲಿ ಸ್ವರ ತಗ್ಗಿಸುವುದೂ ಒಂದು. ಪ್ರಯಾಣದಲ್ಲಿ ಸಹಾಬಿಗಳು ಗಟ್ಟಿಯಾಗಿ ತಕ್ಬೀರ್ ಹೇಳತೊಡಗಿದಾಗ, ನೀವು ಕರೆಯುತ್ತಿರುವವನು ಕಿವುಡನೂ ಅಲ್ಲ, ದೂರದಲ್ಲಿರುವವನೂ ಅಲ್ಲ ಎಂದು ಪ್ರವಾದಿ(ಸ) ತಿದ್ದಿದರು. ಮಸೀದಿಯಲ್ಲಿ ಇಅ್‌ತಿಕಾಫ್ ಕೂತಿದ್ದಾಗ ಜನ ಪೈಪೋಟಿಗೆ ಬಿದ್ದವರಂತೆ ಗಟ್ಟಿಯಾಗಿ ಓದುವುದು ಕೇಳಿ, ಪರದೆ ಸರಿಸಿ, ಒಬ್ಬರಿಗೊಬ್ಬರು ತೊಂದರೆ ಕೊಡಬೇಡಿ ಎಂದರು. ಓದುತ್ತಿದ್ದದ್ದು ಕುರ್‌ಆನ್ ಎಂಬುದನ್ನು ಗಮನಿಸಿ. ಮಲಗಿದವರಿಗೂ ನಮಾಝ್ ಮಾಡುವವರಿಗೂ ತೊಂದರೆಯಾಗುವಂತೆ ಓದುವುದನ್ನು ನಮ್ಮ ಶಾಫಿಈ ಗ್ರಂಥಗಳೂ ಮೆಚ್ಚುವುದಿಲ್ಲ.

ಮಿಕ್ದಾದ್(ರ) ಹೇಳಿದ್ದೊಂದು ವಿಷಯ ಸಹೀಹ್ ಮುಸ್ಲಿಮ್‌ನಲ್ಲಿದೆ. ಅವರು ಮತ್ತು ಇಬ್ಬರು ಜೊತೆಗಾರರು ಹಸಿದು ಬಂದು ಪ್ರವಾದಿ(ಸ)ಯವರ ಆಶ್ರಯದಲ್ಲಿದ್ದ ದಿನಗಳವು. ಆಡಿನ ಹಾಲು ಕರೆದು ಹಂಚಿ ಕುಡಿಯುತ್ತಿದ್ದರು. ಪ್ರವಾದಿ(ಸ) ರಾತ್ರಿ ತಡವಾಗಿ ಬಂದರೆ ಸಲಾಮ್ ಹೇಳುತ್ತಿದ್ದರು. ಎಚ್ಚರ ಇದ್ದವನಿಗೆ ಕೇಳಬೇಕು, ಮಲಗಿದವನಿಗೆ ಎಚ್ಚರವಾಗಬಾರದು, ಅಷ್ಟೇ ಸ್ವರದಲ್ಲಿ. ಸಲಾಮ್‌ಗೆ ಇಷ್ಟು ಅಳತೆ ಇಟ್ಟವರ ಹೆಸರಿನಲ್ಲಿ ನಡೆಯುವ ಮೌಲಿದ್ ಕಾರ್ಯಕ್ರಮದ ಹಾರ್ನ್ ಎರಡು ಗುಡ್ಡೆ ಆಚೆಗೆ ಯಾಕೆ ಕೇಳಬೇಕು? ಕೇಳಬೇಕಾದವರು ಪೆಂಡಾಲಿನ ಒಳಗೆ ಕೂತಿದ್ದಾರೆ. ಬರಲಾಗದವರಿಗೆ ಮೊಬೈಲ್‌ನಲ್ಲಿ ಲೈವ್ ಬರುತ್ತದೆ. ಉಳಿದದ್ದು ಹಾಸಿಗೆ ಹಿಡಿದವರು, ಹಸುಗೂಸಿನ ಬಾಣಂತಿ, ಮರುದಿನ ಐದು ಗಂಟೆಗೆ ಮೀನಿನ ಧಕ್ಕೆಗೆ ಹೋಗಬೇಕಾದವನು, ಪರೀಕ್ಷೆಯ ಮಗು. ಇವರಲ್ಲಿ ನಮ್ಮವರೂ ಇದ್ದಾರೆ, ಹಿಂದೂ ನೆರೆಯವರೂ ಇದ್ದಾರೆ. ನಮ್ಮವರು ಗುನಾಹ್ ಆಗಬಹುದೆಂದು ಹೆದರಿ ಬಾಯಿ ಬಿಡುವುದಿಲ್ಲ. ನೆರೆಯವರು ಜಗಳ ಯಾಕೆಂದು ಸುಮ್ಮನಿರುತ್ತಾರೆ. ಯಾರೂ ದೂರು ಕೊಟ್ಟಿಲ್ಲ ಎಂದು ಕಮಿಟಿ ಹೇಳುವುದರ ಹಿಂದೆ ಇದೇ ಇರುವುದು.

ಕಾರ್ಯಕ್ರಮ 10 ಗಂಟೆಗೆ ಯಾಕೆ ಮುಗಿಯುವುದಿಲ್ಲ? ಇಶಾ ಮುಗಿದು, ಊಟವಾಗಿ, ಕಿರಾಅತ್, ಸ್ವಾಗತ, ಉದ್ಘಾಟನೆ, ಏಳೆಂಟು ಜನರ ಆಶಂಸೆ, ಸನ್ಮಾನ, ಶಾಲು ಹೊದಿಸುವುದು ಎಲ್ಲ ಆಗುವಾಗಲೇ ಹತ್ತು ಹೊಡೆಯುತ್ತದೆ. ಮುಖ್ಯ ಪ್ರಭಾಷಕರು ಕೇರಳದಿಂದ ಬರಬೇಕು, ದಾರಿಯಲ್ಲಿ ಇನ್ನೊಂದು ವೇದಿಕೆ ಮುಗಿಸಿ ಹನ್ನೊಂದಕ್ಕೆ ತಲುಪುತ್ತಾರೆ. ಅವರ ಮಾತಿನ ಕೊನೆಗೆ, ದುಆಕ್ಕೆ ಮೊದಲು, ಸಂಗ್ರಹ. ಜನ ಅತಿ ಹೆಚ್ಚು ಕೊಡುವ ಹೊತ್ತು ಅದು. ನಾವು ಮುಅಲ್ಲಿಮರಿಗೆ ಇದು ಚೆನ್ನಾಗಿ ಗೊತ್ತು, ಎಷ್ಟೋ ಕಡೆ ನಮ್ಮ ಸಂಬಳದ ಬಾಕಿ ತೀರುವುದೇ ಆ ರಾತ್ರಿಯ ಬಕೆಟಿನಿಂದ. ಆದುದರಿಂದ ಹತ್ತಕ್ಕೆ ಮುಗಿಸಿ ಎನ್ನುವಾಗ ಕಮಿಟಿಯವರ ಮುಖ ಸಪ್ಪೆಯಾಗುವುದು ಬರೀ ಹಠದಿಂದ ಎಂದು ನಾವು ಹೇಳುವುದಿಲ್ಲ. ಆದರೆ ಮಗ್ರಿಬ್ ಆದ ಕೂಡಲೇ ಶುರು ಮಾಡಿ, ಆಶಂಸೆಗಳನ್ನು ಇಬ್ಬರಿಗೆ ಇಳಿಸಿ, ಇಶಾದ ನಂತರ ನೇರ ಪ್ರಭಾಷಣಕ್ಕೆ ಕೊಟ್ಟರೆ ಒಂಬತ್ತೂವರೆಗೆ ಸಂಗ್ರಹವೂ ಆಗುತ್ತದೆ. ಹೆಂಗಸರು, ಮಕ್ಕಳು ಹೆಚ್ಚು ಬರುತ್ತಾರೆ ಕೂಡ. ಯಕ್ಷಗಾನದಲ್ಲಿ ಕಾಲಮಿತಿ ಎಂಬ ಶಬ್ದ ಮನೆಮಾತಾಗಿದೆ. ಇಡೀ ರಾತ್ರಿಯ ಸಂಪ್ರದಾಯ ಇದ್ದವರಿಗೇ ಕೆಲವು ಗಂಟೆಗಳಲ್ಲಿ ಪ್ರಸಂಗ ಮುಗಿಸಲು ಸಾಧ್ಯವಾದರೆ ನಮಗೆ ಎಂತ ಕಷ್ಟ?

ಮದುವೆ ಮನೆಯ ಕತೆ ಬೇರೆಯೇ. ಮೈಲಾಂಜಿ ರಾತ್ರಿ ಎಂದರೆ ಹಿಂದೆ ಹೆಂಗಸರು ಕೂತು ಕೈಕೊಟ್ಟು ಪಾಟ್ ಹಾಡುತ್ತಿದ್ದರು. ಈಗ ಅಂಗಳದಲ್ಲಿ ಆಳೆತ್ತರದ ಬಾಕ್ಸ್ ಬಂದಿವೆ, ಕಿಟಕಿಯ ಗಾಜು ನಡುಗುತ್ತದೆ, ಒಂದು ಗಂಟೆಗೆ ಪಟಾಕಿ. ರಾತ್ರಿ ಹೊತ್ತು ಸದ್ದಿನ ಪಟಾಕಿಯನ್ನೂ, ಮನೆಗಳಿರುವಲ್ಲಿ ವಾಹನದ ಹಾರ್ನನ್ನೂ ಅದೇ ನಿಯಮಗಳು ತಡೆಯುತ್ತವೆ. ಇಲ್ಲಿ ಸಂಪ್ರದಾಯ, ಇಬಾದತ್, ಸಂಗ್ರಹ ಎಂಬ ಯಾವ ನೆವವೂ ಇಲ್ಲ. ನಿಖಾಹ್‌ಗೆ ದಾಖಲೆ ಕೊಡುವಾಗ ಜಮಾಅತ್ ಹತ್ತು ವಿಷಯ ಕೇಳುತ್ತದೆ. ಡಿಜೆ ಇಲ್ಲ ಎಂಬ ಒಂದು ಗೆರೆಯನ್ನೂ ಅಲ್ಲಿ ಬರೆಸಿ ಸಹಿ ಹಾಕಿಸಬಹುದು. ಸೈಲೆನ್ಸರ್ ಬದಲಾಯಿಸಿ ಮಸೀದಿ ರಸ್ತೆಯಲ್ಲಿ ಬೈಕ್ ಬಿಡುವ ನಮ್ಮ ಹುಡುಗರ ಬಗ್ಗೆ ಇಲ್ಲಿ ಹೆಚ್ಚು ಬರೆಯುವುದಿಲ್ಲ. ಅವರ ಬಾಪನವರಿಗೆ ಆ ಸದ್ದು ಕೇಳಿಸುತ್ತದೆ.

ಇನ್ನು ಆ ಪ್ರಶ್ನೆ: ನಮಗೆ ಮಾತ್ರ ಯಾಕೆ? ನಿಯಮ ಎಲ್ಲರಿಗೂ ಒಂದೇ. ಅದನ್ನು ಒಂದು ಕಡೆ ಬಿಗಿಯಾಗಿ, ಇನ್ನೊಂದು ಕಡೆ ಸಡಿಲವಾಗಿ ನಡೆಸಿದರೆ ಅದು ಅನ್ಯಾಯವೇ. ಅದನ್ನು ಹೇಳುವ ಹಕ್ಕು ನಮಗಿದೆ, ಹೇಳಬೇಕು. ಆದರೆ ಹೇಗೆ? ನಿಗದಿತ ಮಟ್ಟಕ್ಕಿಂತ 10 ಡೆಸಿಬಲ್ ಅಥವಾ ಹೆಚ್ಚು ದಾಟಿದರೆ, ರಾತ್ರಿಯ ನಿರ್ಬಂಧ ಮುರಿದರೆ, ಯಾರು ಬೇಕಾದರೂ ದೂರು ಕೊಡಬಹುದು. ಅಳತೆ ಯಂತ್ರ ತಂದು ನೋಡಿ, ಬರೆದುಕೊಂಡು ಹೋಗಿ ಎಂದು ಕೇಳಬಹುದು. ಅನುಮತಿಯ ಪ್ರತಿ ಕೈಯಲ್ಲಿಟ್ಟುಕೊಂಡು, ಹತ್ತಕ್ಕೆ ಮೈಕ್ ಆರಿಸಿದ ಕಮಿಟಿಗೆ ಠಾಣೆಯಲ್ಲಿ ನಿಂತು ಮಾತಾಡಲು ಬಾಯಿ ಇರುತ್ತದೆ. ಅರ್ಧರಾತ್ರಿಯ ವೀಡಿಯೊ ಮಾತ್ರ ಇಟ್ಟುಕೊಂಡವರಿಗೆ ಇರುವುದಿಲ್ಲ. ಪಕ್ಕದ ಊರಿನವರ ಮೈಕ್ ನಿಂತ ಮೇಲೆ ನಮ್ಮದು ನಿಲ್ಲಿಸುತ್ತೇವೆ ಎಂದು ಕಾಯುತ್ತಾ ಕೂತರೆ, ಅವರೂ ಅದನ್ನೇ ಹೇಳುತ್ತಾ ಕೂತಿರುತ್ತಾರೆ. ನಡುವಿನ ಮನೆಯವರು ನಿದ್ದೆ ಇಲ್ಲದೆ ಕೂತಿರುತ್ತಾರೆ.

ಪೊಲೀಸರು ಬಂದು ಹೇಳುವ ತನಕ ಕಾಯದೆ ಪ್ರತಿ ಜಮಾಅತ್ ತನ್ನದೇ ಒಂದು ಪುಟದ ನಿಯಮ ಬರೆದಿಡಲಿ ಎಂಬುದು ನಮ್ಮ ಕೋರಿಕೆ. ದೊಡ್ಡ ಭಾಷೆ ಬೇಡ. ಮಸೀದಿಯ ಮಾಡಿನ ಮೇಲೆ ನಾಲ್ಕು ದಿಕ್ಕಿಗೆ ಕಟ್ಟಿದ ಹಾರ್ನ್‌ಗಳಲ್ಲಿ ಎಷ್ಟು ಬೇಕು, ಆಸ್ಪತ್ರೆ ಮತ್ತು ಶಾಲೆ ಕಡೆಗೆ ತಿರುಗಿದ್ದು ಯಾವುದು ಎಂದು ಒಮ್ಮೆ ಮೇಲೆ ಹತ್ತಿ ನೋಡಬೇಕು. ವಾಲ್ಯೂಮಿನ ಗುರುತು ಎಲ್ಲಿಗೆ ಎಂದು ಆಂಪ್ಲಿಫೈಯರ್ ಮೇಲೆಯೇ ಗೆರೆ ಹಾಕಿ ಮುಕ್ರಿಯವರಿಗೆ ತೋರಿಸಬೇಕು. ಪಾಪ, ಅವರಿಗೆ ಒಬ್ಬರು ಜಾಸ್ತಿ ಮಾಡಿ ಎನ್ನುತ್ತಾರೆ, ಇನ್ನೊಬ್ಬರು ಕಡಿಮೆ ಮಾಡಿ ಎನ್ನುತ್ತಾರೆ. ಬಯಲು ಕಾರ್ಯಕ್ರಮಕ್ಕೆ ಹಾರ್ನ್ ಬೇಡ, ಸಭಿಕರ ಕಡೆಗೆ ತಿರುಗಿದ ಬಾಕ್ಸ್ ಸಾಕು. ಮೈಕ್ ಸೆಟ್ಟಿನವರಿಗೆ ಅಡ್ವಾನ್ಸ್ ಕೊಡುವಾಗಲೇ 10 ಗಂಟೆಗೆ ಸ್ವಿಚ್ ಆಫ್ ಎಂದು ಚೀಟಿಯಲ್ಲಿ ಬರೆಯಬೇಕು, ಆಫ್ ಮಾಡುವ ಅಧಿಕಾರ ಯಾರದ್ದು ಎಂದು ಹೆಸರು ಹಾಕಬೇಕು. ಪ್ರಭಾಷಕರಿಗೂ ಮೊದಲೇ ಹೇಳಬೇಕು. ಎಸೆಸೆಲ್ಸಿ, ಪಿಯುಸಿ ವೇಳಾಪಟ್ಟಿ ಬಂದ ಮೇಲೆ ಆ ದಿನಗಳಲ್ಲಿ ಬಯಲು ಕಾರ್ಯಕ್ರಮ ಇಟ್ಟುಕೊಳ್ಳಬಾರದು. ರಮಝಾನ್‌ನಲ್ಲಿ ಅತ್ತಾಳಕ್ಕೆ ಎಬ್ಬಿಸಲು ಹೊರಗಿನ ಮೈಕ್ ಬೇಡ, ಎಲ್ಲರ ಕೈಯಲ್ಲಿ ಅಲಾರಾಂ ಉಂಟು.

ಬರೆದದ್ದನ್ನು ಮಹಾಸಭೆಯಲ್ಲಿ ಓದಿ ಒಪ್ಪಿಗೆ ಪಡೆದು, ಕೆಳಗೆ ಅಧ್ಯಕ್ಷರ, ಕಾರ್ಯದರ್ಶಿಯ ಫೋನ್ ನಂಬರ್ ಹಾಕಿ. ತೊಂದರೆಯಾದರೆ ಠಾಣೆಗೆ ಹೋಗುವ ಮೊದಲು ನಮಗೆ ಒಂದು ಕಾಲ್ ಮಾಡಿ ಎಂದು ಬರೆಯಿರಿ. ಒಂದು ಪ್ರತಿ ಠಾಣೆಗೆ ಇರಲಿ, ಒಂದು ಮಸೀದಿಯ ಬೋರ್ಡಿಗೆ. ಅವೆರಡಕ್ಕೂ ಮೊದಲು ಒಂದು ಪ್ರತಿ ಮಸೀದಿಯ ಗೋಡೆಗೆ ತಾಗಿಕೊಂಡಿರುವ ಮನೆಗೆ ಹೋಗಲಿ. ಆ ಮನೆ ಯಾರದ್ದೇ ಆಗಿರಲಿ, ಕೊಡಲು ಅಧ್ಯಕ್ಷರೇ ಹೋಗಲಿ.