ಚೀಲ ಇಸಿದುಕೊಳ್ಳುವ ಮುನ್ನ
‘ನೀವು ಸುಮ್ಮನೆ ಕೂತ್ಕೊಳ್ಳಿ, ನಾವಿದ್ದೀವಲ್ಲ’ ಎಂದು ಅಮ್ಮನ ಕೈಯಿಂದ ತರಕಾರಿ ಚೀಲ ಇಸಿದುಕೊಳ್ಳುವ ಮಕ್ಕಳ ಪ್ರೀತಿ ದೊಡ್ಡದು. ಆದರೆ ಚೀಲದ ಜೊತೆಗೇ ಬೆಳಗಿನ ನಡಿಗೆ, ಸೊಪ್ಪಿನವಳೊಂದಿಗೆ ಚೌಕಾಸಿ, ಚಿಲ್ಲರೆ ಎಣಿಸಿಕೊಳ್ಳುವ ಲೆಕ್ಕ ಎಲ್ಲವೂ ಕೈಬಿಟ್ಟು ಹೋಗುತ್ತವೆ. ಹಿರಿಯರ ಸ್ವಾವಲಂಬನೆಯನ್ನು ಅಳೆಯಲು ಅಮೆರಿಕದ ಸಂಶೋಧಕರಾದ ಲಾಟನ್ ಮತ್ತು ಬ್ರೋಡಿ 1969ರಲ್ಲಿ ರೂಪಿಸಿದ ಪಟ್ಟಿಯನ್ನು ವೈದ್ಯರು ಇಂದಿಗೂ ಬಳಸುತ್ತಾರೆ. ಅದರಲ್ಲಿರುವ 8 ಅಂಶಗಳೂ ಇಂಥ ಸಾದಾ ಕೆಲಸಗಳೇ: ಫೋನ್ ಬಳಕೆ, ಅಂಗಡಿ, ಅಡುಗೆ, ಮನೆಗೆಲಸ, ಬಟ್ಟೆ ಒಗೆತ, ಓಡಾಟ, ಹೊತ್ತಿಗೆ ಸರಿಯಾಗಿ ಮಾತ್ರೆ, ಹಣಕಾಸು. ಬಳಸದ ಸ್ನಾಯು ಸೊರಗುತ್ತದೆ. ತೊಡೆಯ ಬಲ ಕುಗ್ಗಿದರೆ ಕುರ್ಚಿಯಿಂದ ಏಳುವುದೇ ಕಷ್ಟ; ಬಿದ್ದೇನೆಂಬ ಭಯಕ್ಕೆ ಓಡಾಟ ಮತ್ತಷ್ಟು ನಿಲ್ಲುತ್ತದೆ, ಕಾಲು ಇನ್ನಷ್ಟು ಸೋಲುತ್ತದೆ. ಮನಸ್ಸಿನ ಪಾಡೂ ಅದೇ. ವಯಸ್ಸಾದವರ ಖಿನ್ನತೆ ಎಷ್ಟೋ ಸಲ ಅಳುವಾಗಿ ಬರುವುದಿಲ್ಲ. ಮೈಕೈ ನೋವು, ನಿದ್ದೆಗೇಡು, ಊಟ ಸೇರದಿರುವುದು, ಇಷ್ಟದ ಧಾರಾವಾಹಿಯೂ ಬೇಡವೆನಿಸುವುದು, ಹೀಗೆ ಬರುತ್ತದೆ. ‘ವಯಸ್ಸಾಯ್ತಲ್ಲ, ಇದ್ದದ್ದೇ’ ಎಂದು ತಳ್ಳಿಹಾಕಬಾರದು. ಅದು ವೃದ್ಧಾಪ್ಯದ ಸಹಜ ಗುಣವಲ್ಲ, ಚಿಕಿತ್ಸೆಗೆ ಬಗ್ಗುವ ಕಾಯಿಲೆ. ಹಾಗೆಂದು ಹಿರಿಯರನ್ನು ಅವರ ಪಾಡಿಗೆ ಬಿಡಿ ಎನ್ನುತ್ತಿಲ್ಲ. ಬಚ್ಚಲಲ್ಲಿ ಹಿಡಿದುಕೊಳ್ಳಲು ಒಂದು ಕಂಬಿ ಹಾಕಿಸಿ, ಜಾರುವ ನೆಲಕ್ಕೆ ರಬ್ಬರ್ ಮ್ಯಾಟ್ ಹಾಸಿ, ರಾತ್ರಿ ಒಂದು ಸಣ್ಣ ದೀಪ ಉರಿಯಲಿ. ಕನ್ನಡಕದ ನಂಬರ್ ಪರೀಕ್ಷಿಸಿ, ಕಿವಿ ಮಂದವಾಗಿದ್ದರೆ ಶ್ರವಣಯಂತ್ರ ಕೊಡಿಸಿ. ನೆರವು ಎಂದರೆ ಕೆಲಸ ಕಿತ್ತುಕೊಳ್ಳುವುದಲ್ಲ, ಅವರೇ ಮಾಡಿಕೊಳ್ಳುವಂತೆ ದಾರಿ ಸುಗಮ ಮಾಡುವುದು. ಅಪ್ಪ ಅಂಗಿಯ ಗುಂಡಿ ಹಾಕಿಕೊಳ್ಳಲು ಐದು ನಿಮಿಷ ಹೆಚ್ಚು ಹಿಡಿದರೆ ಹಿಡಿಯಲಿ. ಆ ಐದು ನಿಮಿಷ ಕಾಯುವಷ್ಟು ತಾಳ್ಮೆಯನ್ನು ನಾವು ಕಲಿಯಲೇಬೇಕು.