ಕಡಲತಡಿಯ ತಾಯಂದಿರೂ ಆಸ್ಪತ್ರೆಯ ಹೊತ್ತೂ

ಹೈದರಾಬಾದಿನ ನಮ್ಮ ಹೋಟೆಲುಗಳಲ್ಲಿ ದುಡಿಯುವವರ ಪೈಕಿ ಕುಂದಾಪುರ, ಬೈಂದೂರು, ಭಟ್ಕಳಗಳ ಕಡೆಯಿಂದ ಬಂದವರೂ ಇದ್ದಾರೆ. ಮೊಗವೀರ, ಖಾರ್ವಿ, ಹರಿಕಂತ್ರರ ಕೇರಿಗಳನ್ನು ಅವರು ಚೆನ್ನಾಗಿ ಬಲ್ಲರು. ಆ ಮನೆಗಳ ಎಳೆಯ ಮಕ್ಕಳು ಕಾಯಿಲೆ ಬಿದ್ದಾಗ ತಾಯಂದಿರು ವೈದ್ಯರಲ್ಲಿಗೆ ತಡವಾಗಿ ಬರುತ್ತಾರೆಂದೂ ಅದಕ್ಕೆ ಅವರ ಅಜ್ಞಾನವೇ ಕಾರಣವೆಂದೂ ಓದಿದವರು ಆಕ್ಷೇಪಿಸುವುದುಂಟು. ಈ ಆಕ್ಷೇಪವನ್ನು ನಾವು ಒಪ್ಪಲಾರೆವು.

ಆ ತಾಯಿಯ ದಿನ ಹೇಗೆ ಕಳೆಯುತ್ತದೆಂಬುದನ್ನು ಮೊದಲು ನೋಡತಕ್ಕದ್ದು. ಗಂಡನು ಆಳಸಮುದ್ರದ ಬೋಟಿಗೆ ಹೋದನೆಂದರೆ ವಾರ, ಹತ್ತು ದಿನ ಮನೆಯತ್ತ ಸುಳಿಯುವಂತಿಲ್ಲ. ಬಂದರಿನಲ್ಲಿ ಮೀನು ಏಲಂ ಆಗುವುದು ಬೆಳಗಿನ ಜಾವ. ಅದನ್ನು ಬುಟ್ಟಿಯಲ್ಲಿ ಹೊತ್ತು ಮಾರುವುದು ಮಧ್ಯಾಹ್ನದೊಳಗೆ. ಸರ್ಕಾರಿ ಆಸ್ಪತ್ರೆಯಲ್ಲಿ ವೈದ್ಯರು ಹೊರರೋಗಿಗಳನ್ನು ನೋಡುವುದೂ ಮುಖ್ಯವಾಗಿ ಅದೇ ಹೊತ್ತಿನಲ್ಲಿ. ಮೀನಾದರೋ ನಾಳೆಗೆಂದು ಇಟ್ಟುಕೊಳ್ಳುವ ಸರಕಲ್ಲ. ಜ್ವರದ ಮಗುವನ್ನು ಅತ್ತೆಯ ವಶಕ್ಕೆ ಕೊಟ್ಟು, ಸಂಜೆ ಔಷಧದಂಗಡಿಯಿಂದ ಒಂದು ಸೀಸೆ ತಂದು ಕುಡಿಸುವವಳು ತಿಳಿವಳಿಕೆಯಿಲ್ಲದವಳಲ್ಲ. ಕೈಯಲ್ಲಿರುವ ದುಡ್ಡಿನ ಲೆಕ್ಕ ಹಾಕಿಯೇ ಹಾಗೆ ಮಾಡುತ್ತಾಳೆ. ಜೂನ್, ಜುಲೈ ತಿಂಗಳುಗಳಲ್ಲಂತೂ ಯಾಂತ್ರಿಕ ದೋಣಿಗಳಿಗೆ 61 ದಿನಗಳ ನಿಷೇಧ. ಮನೆಯಲ್ಲಿ ಹಣವಿಲ್ಲದ ಆ ಮಳೆಗಾಲವೇ ಮಕ್ಕಳಿಗೆ ಕೆಮ್ಮು, ಭೇದಿ ತಗಲುವ ಕಾಲ.

ಕಾಯಿಲೆಯು ಈ ಅಡಚಣೆಗಳನ್ನು ಕೇಳದು. ಎರಡು ತಿಂಗಳು ತುಂಬಿದ, ವರ್ಷದೊಳಗಿನ ಕೂಸು ಕೆಮ್ಮುತ್ತ ನಿಮಿಷಕ್ಕೆ 50 ಸಲ ಅಥವಾ ಹೆಚ್ಚು, ಒಂದರಿಂದ ಐದು ವರ್ಷದ ಮಗು 40 ಸಲ ಅಥವಾ ಹೆಚ್ಚು ಉಸಿರಾಡುತ್ತಿದ್ದರೆ ನ್ಯುಮೋನಿಯಾ ಎಂದು ಶಂಕಿಸಬೇಕೆಂಬುದು ವೈದ್ಯರ ನಿಯಮ. ಮಗು ಹಾಲು ಕುಡಿಯದಿದ್ದರೆ, ಸೆಳವು ಬಂದರೆ, ಎಬ್ಬಿಸಿದರೂ ಏಳದಿದ್ದರೆ ಗಳಿಗೆಯೂ ಕಾಯಲಾಗದು. ಭೇದಿಗೆ ಓಆರ್‌ಎಸ್ ನೀರನ್ನು ಮನೆಯಲ್ಲಿಯೇ ಆರಂಭಿಸಬಹುದು. ಇಷ್ಟನ್ನು ಊರಿನ ಆಶಾ ಕಾರ್ಯಕರ್ತೆ ಕಲಿಸಬಲ್ಲಳು. ಆಸ್ಪತ್ರೆಯನ್ನು ಹತ್ತಿರಕ್ಕೆ ತರುವುದು ಅವಳ ಕೈಯಲ್ಲಿಲ್ಲ.

ಉತ್ತರ ಕನ್ನಡದ ಸ್ಥಿತಿಯನ್ನೇ ನೋಡಿರಿ. ಕಾರವಾರದಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜಿದ್ದರೂ ಕಾಯಿಲೆ ವಿಷಮಿಸಿದರೆ ಮಣಿಪಾಲ, ಮಂಗಳೂರು, ಹುಬ್ಬಳ್ಳಿ, ಗೋವೆಗಳಿಗೆ ಓಡುವುದು ಅಲ್ಲಿನವರಿಗೆ ರೂಢಿಯಾಗಿದೆ. 2022ರ ಜುಲೈಯಲ್ಲಿ ಹೊನ್ನಾವರದಿಂದ ರೋಗಿಯನ್ನು ಒಯ್ಯುತ್ತಿದ್ದ ಆಂಬುಲೆನ್ಸು ಶಿರೂರಿನ ಟೋಲ್ ಗೇಟಿನಲ್ಲಿ ಉರುಳಿ ನಾಲ್ವರು ಮಡಿದರು. ಆಗ ಜಿಲ್ಲೆಯ ಜನರು ಸುಸಜ್ಜಿತ ಆಸ್ಪತ್ರೆ ಬೇಕೆಂದು ಮತ್ತೊಮ್ಮೆ ದನಿಯೆತ್ತಿದರು.

ನಾವು ನೆಲಸಿರುವ ಈ ನಗರದಲ್ಲಿ ನಿಲೋಫರ್ ಆಸ್ಪತ್ರೆಯು 1953ರಿಂದ ಮಕ್ಕಳ ಸೇವೆಯಲ್ಲಿದೆ. ಅಲ್ಲಿ ನೂಕುನುಗ್ಗಲೆಂದು ನಾವು ಗೊಣಗುವುದು ನಿಜ. ಆದರೆ ಸಿಟಿ ಬಸ್ಸು ಹತ್ತಿದರೆ ಅದರ ಬಾಗಿಲಿಗೆ ಹೋಗಬಹುದು. 108ರ ಆಂಬುಲೆನ್ಸ್ ಸೇವೆಯೂ 2005ರಲ್ಲಿ ಹೈದರಾಬಾದಿನಲ್ಲಿಯೇ ಮೊದಲಾಗಿ, 2008ರಲ್ಲಿ ಕರ್ನಾಟಕಕ್ಕೆ ಬಂದಿತು. ಆಂಬುಲೆನ್ಸು ಬೇಗ ಬಂದರೂ ಅದು ಹೋಗಿ ಸೇರುವ ಆಸ್ಪತ್ರೆ ನೂರು ಮೈಲಿಯಾಚೆ ಇದ್ದರೆ ಫಲವೇನು?

ಬಂದರುಗಳ ಸಮೀಪದ ಆರೋಗ್ಯ ಕೇಂದ್ರಗಳಲ್ಲಿ, ಮೀನು ಮಾರಿ ಬಂದ ತಾಯಿಗೆ ಅನುಕೂಲವಾಗುವಂತೆ, ಸಂಜೆ ಮಕ್ಕಳನ್ನು ನೋಡುವ ವ್ಯವಸ್ಥೆಯನ್ನು ಸರ್ಕಾರದವರು ಮಾಡಬೇಕು. ನಮ್ಮ ಬಂಧುಗಳೂ ಒಂದು ವಿಷಯವನ್ನು ಯೋಚಿಸಬೇಕಾಗಿದೆ. ಬೋಟಿಗೆ ಹೋದ ಗಂಡನಂತೆಯೇ ಇಲ್ಲಿ ಹೋಟೆಲಿನಲ್ಲಿರುವ ಗಂಡನೂ ಮನೆಯಿಂದ ದೂರವೇ. ಮಗುವನ್ನು ಆಸ್ಪತ್ರೆಗೆ ಒಯ್ಯಲು ಯಾರ ಅಪ್ಪಣೆಗೂ ಕಾಯಬೇಕಾಗಿಲ್ಲವೆಂದು ಹೆಂಡತಿಗೆ ಈಗಲೇ ತಿಳಿಸಿ, ಅದಕ್ಕೆಂದು ಸ್ವಲ್ಪ ಹಣವನ್ನು ಆಕೆಯ ಹೆಸರಿನ ಖಾತೆಯಲ್ಲಿಯೇ ಇರಿಸುವುದು ಲೇಸು.