ಕೋಮಾದಿಂದ ಮರಳುವರೇ? ಮಿದುಳಿನ ಅಲೆಗಳ ಸಾಕ್ಷ್ಯ

ನಿಂತ ಹೃದಯವು ಮತ್ತೆ ಬಡಿಯತೊಡಗಿದೆ; ಆದರೆ ರೋಗಿ ಕಣ್ಣು ತೆರೆದಿಲ್ಲ. ತೀವ್ರ ನಿಗಾ ಘಟಕದ ಹೊರಗೆ ಕಾದಿರುವ ಕುಟುಂಬದ್ದು ಒಂದೇ ಪ್ರಶ್ನೆ: ಎಚ್ಚರವಾದೀತೇ? ಮಿದುಳಿನ ವಿದ್ಯುತ್ ಅಲೆಗಳನ್ನು ದಾಖಲಿಸುವ ಇಇಜಿ ಈ ಪ್ರಶ್ನೆಗೆ ಇಂದು ಮಹತ್ವದ ಸಾಕ್ಷಿಯಾಗಿದೆ. ಆದರೆ ಸಾಕ್ಷಿಯೇ ನ್ಯಾಯಾಧೀಶನಾಗಬಾರದು ಎಂಬುದು ತಜ್ಞರ ನಿಲುವು.

ಮೊದಲ ದಿನವೇ ಮುಖ್ಯ

ರಕ್ತಸಂಚಾರ ಸ್ಥಗಿತಗೊಂಡ ಕೆಲವೇ ನಿಮಿಷಗಳಲ್ಲಿ ಮಿದುಳು ಘಾಸಿಗೊಳ್ಳುತ್ತದೆ. ಬಳಿಕ ಅಲೆಗಳು ಎಷ್ಟು ಬೇಗ ಮರಳುತ್ತವೆ ಎಂಬುದೇ ಸುಳಿವು. 12 ಗಂಟೆಗಳೊಳಗೆ ಎಡೆಬಿಡದ ಅಲೆಗಳು ಕಂಡುಬಂದರೆ ಚೇತರಿಕೆಯ ಸಾಧ್ಯತೆ ಹೆಚ್ಚು ಎಂದು ನೆದರ್ಲೆಂಡ್ಸ್ ಸಂಶೋಧಕರು ತೋರಿಸಿದ್ದಾರೆ. 24 ಗಂಟೆಗಳ ನಂತರವೂ ರೇಖೆ ಬಹುತೇಕ ಸಪಾಟಾಗಿದ್ದರೆ ಆಶಾಭಾವನೆಗೆ ಅವಕಾಶ ಕಡಿಮೆ. ದಿನ ಕಳೆದಂತೆ ಈ ವ್ಯತ್ಯಾಸ ಮಸುಕಾಗುವುದರಿಂದ ತಡವಾದ ಪರೀಕ್ಷೆಯ ಬೆಲೆಯೂ ತಗ್ಗುತ್ತದೆ.

ಹಾಗಾದರೆ ಕೆಟ್ಟ ಅಲೆಗಳನ್ನು ಔಷಧದಿಂದ ಅಡಗಿಸಿದರೆ ರೋಗಿ ಉಳಿಯುವನೇ? ನೆದರ್ಲೆಂಡ್ಸ್ ಮತ್ತು ಬೆಲ್ಜಿಯಂನ 172 ರೋಗಿಗಳ ಮೇಲೆ ನಡೆದು 2022ರಲ್ಲಿ ಪ್ರಕಟವಾದ 'ಟೆಲ್‌ಸ್ಟಾರ್' ಪ್ರಯೋಗದ ಉತ್ತರ ನಿರಾಶಾದಾಯಕ. ಅಪಸ್ಮಾರವನ್ನು ಹೋಲುವ ಅಲೆಗಳಿಗೆ ಚಿಕಿತ್ಸೆ ಪಡೆದವರಲ್ಲಿ ಶೇ 90, ಪಡೆಯದವರಲ್ಲಿ ಶೇ 92 ಮಂದಿಗೆ ಮೂರು ತಿಂಗಳ ಬಳಿಕ ಪ್ರತಿಕೂಲ ಫಲಿತಾಂಶವೇ ಎದುರಾಯಿತು. ಕನ್ನಡಿಯನ್ನು ಒರೆಸಿದ ಮಾತ್ರಕ್ಕೆ ಮುಖದ ಗಾಯ ಮಾಯದು.

ಒಂದೇ ಪರೀಕ್ಷೆ ಸಾಲದು

ನಿದ್ರಾಜನಕ ಔಷಧಗಳೂ ಅಲೆಗಳನ್ನು ಕುಗ್ಗಿಸಬಲ್ಲವು. ಆದ್ದರಿಂದಲೇ 2021ರ ಯುರೋಪಿಯನ್ ಮಾರ್ಗಸೂಚಿಯು ಕನಿಷ್ಠ 72 ಗಂಟೆ ಕಾಯಬೇಕೆನ್ನುತ್ತದೆ. ಆಗಲೂ ಕೋಮಾ ಮುಂದುವರಿದಿದ್ದರೆ ಕಣ್ಣಿನ ಪ್ರತಿವರ್ತನೆ, ನರಗಳ ಸ್ಪಂದನ, ರಕ್ತಪರೀಕ್ಷೆ, ಸ್ಕ್ಯಾನ್ ಹಾಗೂ ಇಇಜಿ ಮುಂತಾದವುಗಳಲ್ಲಿ ಕನಿಷ್ಠ ಎರಡು ಪ್ರತಿಕೂಲ ಲಕ್ಷಣಗಳು ಕೂಡಿಬರಬೇಕು. ಇಲ್ಲವಾದರೆ ಕಾದು ಮರುಪರೀಕ್ಷಿಸಬೇಕು.

ಈ ಎಚ್ಚರಿಕೆಗೆ ಗಂಭೀರ ಕಾರಣವಿದೆ. 'ಬದುಕಲಾರರು' ಎಂದು ವೈದ್ಯರು ಭಾವಿಸಿ ಜೀವರಕ್ಷಕ ಸಾಧನ ಕಳಚಿದರೆ ರೋಗಿ ಸಾಯುವುದು ನಿಶ್ಚಿತ. ಭವಿಷ್ಯವಾಣಿ ಸರಿಯಿತ್ತೇ ಎಂಬುದು ಎಂದಿಗೂ ತಿಳಿಯದು.

ಸುಪ್ರೀಂ ಕೋರ್ಟ್ 2018ರ ತೀರ್ಪು ಹಾಗೂ 2023ರ ತಿದ್ದುಪಡಿಯ ಅನ್ವಯ, ಜೀವರಕ್ಷಕ ಚಿಕಿತ್ಸೆ ಹಿಂಪಡೆಯಲು ಎರಡು ವೈದ್ಯಕೀಯ ಮಂಡಳಿಗಳ ಒಪ್ಪಿಗೆ ಅಗತ್ಯ. ಇದರ ಜಾರಿಗೆ ಕರ್ನಾಟಕ ಸರ್ಕಾರ 2025ರ ಜನವರಿಯಲ್ಲಿ ಆದೇಶ ಹೊರಡಿಸಿತು. ಕಾನೂನು ದಾರಿಯನ್ನೇನೋ ತೋರಿದೆ. ಆ ದಾರಿಯಲ್ಲಿ ಇಡುವ ಹೆಜ್ಜೆ ಸರಿಯಿರಬೇಕಾದರೆ, ಮಂಡಳಿಯ ಮುಂದಿರುವ ಸಾಕ್ಷ್ಯ ಸಕಾಲಿಕವೂ ಬಹುಮುಖಿಯೂ ಆಗಿರಬೇಕು.